ಗಾಳಿ ತೂಗುವ ಪೆಟ್ಟಿಗೆ ಮತ್ತು ನಮ್ಮೂರ ದೂಳು

ಕಣದಲ್ಲಿ ನವಣೆ ತೂರುವಾಗ ನಮ್ಮಪ್ಪ ಮೊದಲು ಒಂದು ಹಿಡಿ ಹೊಟ್ಟು ತಗೊಂಡು ಮೇಲಿಂದ ಬಿಡುತ್ತಿದ್ದರು. "ಮೊರ ಆಮೇಲೆ ಎತ್ತು, ಮೊದ್ಲು ಗಾಳಿ ಯಾವ ಕಡೀಗೈತೆ ನೋಡು" ಅನ್ನೋರು. ಇಷ್ಟು ಚಿಕ್ಕ ಮಾತು ಮರೆತು ನಮ್ಮೂರಿನವರು ಒಂದೂವರೆ ವರ್ಷ ದೂಳು ಕುಡಿದೆವು. ಆ ಕಥೆ ಮತ್ತು ಅದರಿಂದ ಕಲಿತದ್ದನ್ನು ನಿಮಗೆ ತಿಳಿಸೋಣ ಅಂತ ಬರೆಯುತ್ತಿದ್ದೇನೆ. ಓದಿದ್ದು ಏಳನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಳ್ಳಿ.

ಅರ್ಜಿ ಕೊಟ್ಟೆವು, ಪೆಟ್ಟಿಗೆ ಬಂತು

ನಮ್ಮದು ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕುಗಳ ಅಂಚಿನ ಊರು. ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ಸೀಮೆ. ಮುಂಗಾರಿಗೆ ಶೇಂಗಾ, ಅದರ ನಡುವೆ ತೊಗರಿ ಸಾಲು, ಒಂದಿಷ್ಟು ನವಣೆ, ನಾಕು ಕುರಿ. ಬೋರು ಇರುವ ಒಂದಿಬ್ಬರು ಹಿಪ್ಪುನೇರಳೆ ಇಟ್ಟು ರೇಷ್ಮೆ ಹುಳ ಸಾಕುತ್ತಾರೆ.

ಊರಿಗೆ ಮೂಡಲ ದಿಕ್ಕಿಗೆ ಒಂದು ಮೈಲಿಯೂ ಇಲ್ಲದ ದೂರದಲ್ಲಿ ಒಂದು ಜಲ್ಲಿ ಕ್ರಷರ್ ಶುರುವಾಯಿತು. ಚಳಿಗಾಲ ಬಂತೆಂದರೆ ಬೆಳಗಾಗುವುದರೊಳಗೆ ಎತ್ತಿನ ಬೆನ್ನ ಮೇಲೆ, ಒಣಗಲು ಹಾಕಿದ ಬಟ್ಟೆ ಮೇಲೆ, ನೀರಿನ ಕೊಡದ ಮೇಲೆ ಬೂದಿ ಬಣ್ಣದ ಪುಡಿ. ಮುದುಕರಿಗೆ ಕೆಮ್ಮು. ತೊಗರಿ ಹೂ ಬಿಡುವ ಹೊತ್ತಿಗೆ ಗಿಡವೆಲ್ಲ ಸುಣ್ಣ ಬಳಿದ ಹಂಗೆ. ಊರಿನವರೆಲ್ಲ ಹೆಬ್ಬೆಟ್ಟು, ಸಹಿ ಹಾಕಿ ಅರ್ಜಿ ಕೊಟ್ಟೆವು.

ಅರ್ಜಿ ಹೋಗಿ ಬಹಳ ದಿನದ ಮೇಲೆ, 2022ರ ಆಷಾಢದಲ್ಲಿ, ಒಂದು ಖಾಸಗಿ ಲ್ಯಾಬಿನ ಇಬ್ಬರು ಹುಡುಗರು ಬಂದು ಶಾಲೆ ಮಾಳಿಗೆ ಮೇಲೆ ಒಂದು ಪೆಟ್ಟಿಗೆ ಇಟ್ಟರು. ಒಂದು ಹಗಲು ಒಂದು ರಾತ್ರಿ ಗೊರ್ರೋ ಅಂತ ಸದ್ದು ಮಾಡಿತು. ತಗೊಂಡು ಹೋದರು. ತಿಂಗಳ ಮೇಲೆ ಕಾಗದ ಬಂತು: "ದೂಳಿನ ಪ್ರಮಾಣ ಮಿತಿಯೊಳಗಿದೆ." ಅರ್ಜಿ ಮುಗಿಯಿತು.

ಊರಲ್ಲಿ ಕೆಲವರು "ದುಡ್ಡು ತಿಂದವ್ರೆ" ಅಂದರು. ನಾನೂ ಅಂದೆ. ಈಗ ಅದು ತಪ್ಪು ಅನ್ನಿಸುತ್ತದೆ. ಪೆಟ್ಟಿಗೆ ಸುಳ್ಳು ಹೇಳಲಿಲ್ಲ. ಅವತ್ತು ಆ ಮಾಳಿಗೆ ಮೇಲೆ ನಿಜವಾಗಿ ದೂಳು ಇರಲಿಲ್ಲ. ಆಷಾಢದ ಗಾಳಿ ಪಡುವಲಿಂದ ಮೂಡಲಿಗೆ ಬೀಸುತ್ತದೆ. ಕ್ರಷರ್ ಇರುವುದೇ ಮೂಡಲಿಗೆ. ಅದರ ದೂಳೆಲ್ಲ ಊರಿಗೆ ಬೆನ್ನು ಮಾಡಿ ಆ ಕಡೆ ಹೋಗುತ್ತಿತ್ತು. ಮೇಲಾಗಿ ಅದು ಒಳ್ಳೇ ಮಳೆ ವರ್ಷ. ಹಿರಿಯೂರಿನ ವಾಣಿವಿಲಾಸ ಸಾಗರ 1933 ಆದ ಮೇಲೆ ಮತ್ತೆ ಕೋಡಿ ಬಿದ್ದದ್ದು ಅದೇ 2022ರಲ್ಲಿ. ನೆಲ ಹಸಿ ಇತ್ತು, ದೂಳು ಎದ್ದೇ ಇರಲಿಲ್ಲ. ಗಾಳಿ ದಿಕ್ಕು ನೋಡದೆ ಮೊರ ಎತ್ತಿದವರು ನಾವೇ.

ಪೆಟ್ಟಿಗೆ ಒಳಗೆ ಏನೈತೆ

ಆ ಹುಡುಗರಲ್ಲಿ ಒಬ್ಬ ಬಳ್ಳಾರಿ ಕಡೆಯವನು, ನಮ್ಮ ಮಾತು ತಿಳಿದವನು. ಮಜ್ಜಿಗೆ ಕೊಟ್ಟು ಮಾತಾಡಿಸಿದೆ.

"ಏನಪ್ಪಾ ತಮ್ಮಾ, ಈ ಪೆಟ್ಟಿಗೆ ಗಾಳಿ ಹೆಂಗೆ ತೂಗ್ತದೆ?"

"ಗಾಳಿ ತೂಗಲ್ಲ ಯಜಮಾನ್ರೇ. ಗಾಳಿ ಎಳ್ಕೊಂಡು ಅದ್ರಾಗಿನ ದೂಳು ತೂಗ್ತೀವಿ" ಅಂದ.

ಪೆಟ್ಟಿಗೆ ಒಳಗೆ ಒಂದು ಮೋಟರು. ಅದು ನಿಮಿಷಕ್ಕೆ ಸುಮಾರು ಒಂದು ಘನ ಮೀಟರ್‌ಗಿಂತ ತುಸು ಹೆಚ್ಚು ಗಾಳಿ ಎಳೆಯುತ್ತದೆ. ಒಂದು ಘನ ಮೀಟರ್ ಅಂದರೆ ಉದ್ದ, ಅಗಲ, ಎತ್ತರ ಮೂರೂ ಒಂದೊಂದು ಮೀಟರ್ ಇರುವ ಗೂಡಿನಷ್ಟು ಗಾಳಿ. ನಾವು ಮನುಷ್ಯರು ಇಡೀ ದಿನಕ್ಕೆ ಉಸಿರಾಡುವುದು ಹತ್ತು ಹನ್ನೆರಡು ಗೂಡಿನಷ್ಟು. ಈ ಪೆಟ್ಟಿಗೆ ದಿನಕ್ಕೆ ಸಾವಿರದ ಐನೂರಕ್ಕೂ ಮೇಲೆ ಎಳೆಯುತ್ತದೆ.

ಒಳಗೆ ಬಂದ ಗಾಳಿ ಮೊದಲು ಒಂದು ಆಲಿಕೆಯಂಥ ಕೊಳವೆಯಲ್ಲಿ ಸುಳಿ ತಿರುಗುತ್ತದೆ. ದಪ್ಪ ದೂಳು ಪಕ್ಕಕ್ಕೆ ಬಡಿದು ಕೆಳಗಿನ ಬಟ್ಟಲಿಗೆ ಬೀಳುತ್ತದೆ. ಸಣ್ಣ ದೂಳು ಗಾಳಿ ಜೊತೆಗೇ ಮೇಲೆ ಹೋಗಿ ಒಂದು ಬಿಳಿ ಕಾಗದದ ಮೇಲೆ ಕೂರುತ್ತದೆ. ಕಾಳು ಹತ್ತಿರ ಬಿದ್ದು ಹೊಟ್ಟು ದೂರ ಹಾರುವುದಿಲ್ಲವೇ, ಅದೇ ಲೆಕ್ಕ. ಆ ಕಾಗದ ಗಾಜಿನ ಎಳೆಯಿಂದ ಮಾಡಿದ್ದು, ನೋಟ್‌ಬುಕ್ಕಿನ ಹಾಳೆಯಷ್ಟು ದೊಡ್ಡದು.

ಕಾಗದದ ಮೇಲೆ ಕೂರುವ ಈ ಸಣ್ಣ ದೂಳಿಗೆ ಪಿಎಂ 10 ಅನ್ನುತ್ತಾರೆ. 10 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣ. ನಮ್ಮ ತಲೆಗೂದಲಿನ ದಪ್ಪದಲ್ಲಿ ಆರೇಳನೇ ಒಂದು ಪಾಲು. ಇದು ಮೂಗಿನ ಕೂದಲು ದಾಟಿ ಒಳಗೆ ಹೋಗುತ್ತದೆ. ಇನ್ನೂ ಸಣ್ಣದಕ್ಕೆ ಪಿಎಂ 2.5 ಅಂತ ಹೆಸರು. ಅದು ಶ್ವಾಸಕೋಶದ ತಳಕ್ಕೇ ಇಳಿಯುತ್ತದೆ. ಹೊಗೆ, ಮಸಿಯಲ್ಲಿ ಇದು ಜಾಸ್ತಿ. ಕಲ್ಲುಪುಡಿಯಲ್ಲಿ ದಪ್ಪದ್ದು ಹೆಚ್ಚು. ಆದರೆ ಕಲ್ಲುಪುಡಿಯಲ್ಲಿ ಸಿಲಿಕಾ ಇರುತ್ತದೆ. ಕ್ರಷರ್‌ನಲ್ಲಿ ವರ್ಷಗಟ್ಟಲೆ ದುಡಿಯುವ ಕೂಲಿಯವರಿಗೆ ಸಿಲಿಕೋಸಿಸ್ ಎನ್ನುವ ಪುಪ್ಪಸದ ಕಾಯಿಲೆ ಬರುವುದು ಇದರಿಂದಲೇ. ಬಂದರೆ ಅದು ವಾಸಿಯಾಗುವ ಕಾಯಿಲೆಯಲ್ಲ.

ಪೆಟ್ಟಿಗೆ ಪಕ್ಕಕ್ಕೆ ಗಾಜಿನ ನಳಿಕೆಗಳೂ ಇರುತ್ತವೆ. ಅವುಗಳಲ್ಲಿ ಔಷಧದ ನೀರು ಹಾಕಿ ಗಾಳಿಯನ್ನು ಗುಳುಗುಳು ಅನ್ನಿಸುತ್ತಾರೆ. ಗಂಧಕದ ಹೊಗೆ, ವಾಹನದ ಹೊಗೆಯ ಅನಿಲ ಆ ನೀರಲ್ಲಿ ಸೇರಿಕೊಳ್ಳುತ್ತದೆ. ಲ್ಯಾಬಿನಲ್ಲಿ ಬಣ್ಣ ಬರಿಸಿ, ಬಣ್ಣದ ಗಾಢ ನೋಡಿ ಎಷ್ಟಿದೆ ಅಂತ ಹೇಳುತ್ತಾರೆ.

ಲೆಕ್ಕ ಹೀಗೆ

ಕಾಗದವನ್ನು ಇಡುವ ಮುಂಚೆ ತೇವ ಇಲ್ಲದ ಹಾಗೆ ಒಂದು ದಿನ ಒಣ ಡಬ್ಬಿಯಲ್ಲಿಟ್ಟು ತೂಗುತ್ತಾರೆ. ತಂದ ಮೇಲೆ ಮತ್ತೆ ಹಾಗೇ ಒಣಗಿಸಿ ತೂಗುತ್ತಾರೆ. ಹೆಚ್ಚಾದ ತೂಕವೇ ದೂಳು. ಅದನ್ನು ಎಳೆದ ಗಾಳಿಯಿಂದ ಭಾಗಿಸಿದರೆ ಉತ್ತರ.

ತಿಳಿಯಲಿಕ್ಕೆ ಒಂದು ಉದಾಹರಣೆ. ನಿಮಿಷಕ್ಕೆ 1.1 ಘನ ಮೀಟರ್‌ನಂತೆ 8 ಗಂಟೆ ಓಡಿದರೆ 528 ಘನ ಮೀಟರ್ ಗಾಳಿ. ಕಾಗದದ ತೂಕ ಮೊದಲು 2.800 ಗ್ರಾಂ, ಆಮೇಲೆ 2.866 ಗ್ರಾಂ ಅಂತಿಟ್ಟುಕೊಳ್ಳಿ. ದೂಳು 0.066 ಗ್ರಾಂ. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರೋಗ್ರಾಂ. ಅಂದರೆ 66,000 ಮೈಕ್ರೋಗ್ರಾಂ. ಅದನ್ನು 528ರಿಂದ ಭಾಗಿಸಿದರೆ 125. ಘನ ಮೀಟರ್ ಗಾಳಿಗೆ 125 ಮೈಕ್ರೋಗ್ರಾಂ. ಇಷ್ಟೇ. ಏಳನೇ ಕ್ಲಾಸಿನ ಲೆಕ್ಕ. ಇಡೀ ದಿನಕ್ಕೆ ಹೀಗೆ ಎಂಟೆಂಟು ಗಂಟೆಯ ಮೂರು ಕಾಗದ ಹಾಕಿ ಸರಾಸರಿ ತೆಗೆಯುತ್ತಾರೆ.

ಮಿತಿ ಎಂದರೆ ಎಷ್ಟು

ನಮ್ಮ ದೇಶದಲ್ಲಿ ವಾಯು ಮಾಲಿನ್ಯ ತಡೆ ಕಾಯ್ದೆ ಬಂದದ್ದು 1981ರಲ್ಲಿ. ಈಗ ನಡೆಯುತ್ತಿರುವ ಗಾಳಿಯ ಮಿತಿಗಳನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರಲ್ಲಿ ಪ್ರಕಟಿಸಿತು. ಪಿಎಂ 10 ಒಂದು ದಿನದ ಸರಾಸರಿ 100 ಮೈಕ್ರೋಗ್ರಾಂ, ವರ್ಷದ ಸರಾಸರಿ 60. ಪಿಎಂ 2.5 ದಿನಕ್ಕೆ 60, ವರ್ಷಕ್ಕೆ 40. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ ಇನ್ನೂ ಬಿಗಿ: ಪಿಎಂ 10 ದಿನಕ್ಕೆ 45, ಪಿಎಂ 2.5 ದಿನಕ್ಕೆ 15.

ಇಲ್ಲಿ ನಾವು ಗಮನಿಸಬೇಕಾದ್ದು ಎರಡು. ಒಂದು, ವರ್ಷದ ಮಿತಿ ಲೆಕ್ಕಕ್ಕೆ ವಾರಕ್ಕೆ ಎರಡು ದಿನದಂತೆ ವರ್ಷಕ್ಕೆ 104 ಸಲ ಅಳೆಯಬೇಕು. ನಮ್ಮೂರಲ್ಲಿ ಅಳೆದದ್ದು ಒಂದೇ ದಿನ. ಒಂದು ದಿನದ ಹದ ನೋಡಿ ಇಡೀ ವರ್ಷದ ಮಳೆ ಹೇಳಿದ ಹಾಗೆ. ಎರಡು, ಈ ಮಿತಿ ಊರಿನ ಗಾಳಿಗೆ. ಜಲ್ಲಿ ಕ್ರಷರ್‌ಗೆ ಬೇರೆ ನಿಯಮ ಇದೆ. ಕ್ರಷರ್‌ನಿಂದ 40 ಮೀಟರ್ ದೂರದಲ್ಲಿ ತೇಲುವ ದೂಳು, ಅಂದರೆ ಕಾಗದದ್ದೂ ಬಟ್ಟಲಿನದ್ದೂ ಸೇರಿ, 600 ಮೈಕ್ರೋಗ್ರಾಂಗಿಂತ ಕಡಿಮೆ ಇರಬೇಕು. ಜೊತೆಗೆ ಮಿಷನ್ನಿಗೆ ಮುಚ್ಚಿಗೆ, ನೀರು ಸಿಂಪರಣೆ, ಗಾಳಿ ತಡೆಯುವ ಗೋಡೆ, ಒಳಗಿನ ರಸ್ತೆಗೆ ಜಲ್ಲಿ ಹಾಕಿ ನೀರು ಹೊಡೆಯುವುದು, ಸುತ್ತ ಮರ ಬೆಳೆಸುವುದು, ಇವೆಲ್ಲ ಅದೇ ನಿಯಮದಲ್ಲಿವೆ. ಇವುಗಳನ್ನು ನೋಡಲಿಕ್ಕೆ ಯಾವ ಪೆಟ್ಟಿಗೆಯೂ ಬೇಡ. ಕಣ್ಣು ಸಾಕು.

ಎಲೆ ಮೇಲಿನ ದೂಳು ಲೆಕ್ಕಕ್ಕೇ ಬರಲಿಲ್ಲ

ಈ ಮಾತು ರೈತರಾದವರು ನೆನಪಿಡಬೇಕು. ಪಿಎಂ 10 ಎನ್ನುವುದು ಮನುಷ್ಯನ ಎದೆಗೆ ಇಳಿಯುವ ದೂಳಿನ ಲೆಕ್ಕ. ತೊಗರಿ ಎಲೆ ಮೇಲೆ, ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂರುವುದು ಹೆಚ್ಚಾಗಿ ದಪ್ಪ ದೂಳು. ಅದು ಪೆಟ್ಟಿಗೆಯ ಬಟ್ಟಲಿಗೆ ಬೀಳುವ ದೂಳು. ವರದಿಯಲ್ಲಿ ಪಿಎಂ 10 ಮಾತ್ರ ಬರೆದರೆ ಬಟ್ಟಲಿನದ್ದು ಲೆಕ್ಕಕ್ಕೇ ಇಲ್ಲ. "ಮಿತಿಯೊಳಗಿದೆ" ಎಂಬ ಕಾಗದ ಕೈಯಲ್ಲಿದ್ದರೂ ಬೆಳೆ ಹಾಳಾಗಬಹುದು.

ಎಲೆ ಮೇಲೆ ದೂಳು ಪದರ ಕಟ್ಟಿದರೆ ಬೆಳಕು ಕಮ್ಮಿ ಬೀಳುತ್ತದೆ, ಎಲೆಯ ಉಸಿರಿನ ತೂತು ಮುಚ್ಚುತ್ತದೆ, ಗಿಡ ಆಹಾರ ಮಾಡಿಕೊಳ್ಳುವುದು ಕುಗ್ಗುತ್ತದೆ. ದೂಳು ಮೆತ್ತಿದ ಸೊಪ್ಪು ತಿಂದ ರೇಷ್ಮೆ ಹುಳ ಸರಿಯಾಗಿ ಮೇಯದು ಎಂಬುದು ಹುಳ ಸಾಕುವವರಿಗೆ ಗೊತ್ತು. ಬೋರಿನ ನೀರಿದ್ದವರು ಸೊಪ್ಪು ತೊಳೆದಾರು. ಮಳೆ ನಂಬಿದ ತೊಗರಿಯನ್ನು ಯಾರು ತೊಳೆಯುತ್ತಾರೆ?

ಪಟ್ಟಣದ ಕೇಂದ್ರಗಳು

ನನ್ನ ಅಕ್ಕನ ಮಗ ದಾವಣಗೆರೆಯಲ್ಲಿದ್ದಾನೆ. ಅವನು ಫೋನಿನಲ್ಲಿ 'ಸಮೀರ್' ಎಂಬ ಆ್ಯಪ್ ತೆಗೆದು, "ನೋಡು ಮಾವ, ನಮ್ಮೂರ ಗಾಳಿ ಇವತ್ತು ಇಷ್ಟು" ಅಂತ ಅಂಕಿ ತೋರಿಸಿದ. ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ವಯಂಚಾಲಿತ ಕೇಂದ್ರ ಇದೆ. ಅಲ್ಲಿ ಯಾರೂ ಕಾಗದ ಒಯ್ದು ತೂಗುವುದಿಲ್ಲ. ಇಂಥ ಕೇಂದ್ರಗಳಲ್ಲಿ ಕಾಗದದ ಪಟ್ಟಿ ತಾನೇ ಸರಿಯುತ್ತದೆ. ದೂಳು ಕೂತ ಜಾಗಕ್ಕೆ ಬೀಟಾ ಎಂಬ ಕಿರಣ ಬಿಡುತ್ತಾರೆ. ದೂಳು ದಪ್ಪವಾದಷ್ಟೂ ಕಿರಣ ಕಮ್ಮಿ ದಾಟುತ್ತದೆ. ಅದರಿಂದ ಯಂತ್ರವೇ ಗಂಟೆಗಂಟೆಗೆ ಲೆಕ್ಕ ಹಾಕಿ ಕಳಿಸುತ್ತದೆ. ಅದಕ್ಕೆ ಇಪ್ಪತ್ನಾಲ್ಕು ಗಂಟೆ ಕರೆಂಟು, ತಂಪು ಮಾಡಿದ ಕೋಣೆ ಬೇಕು. ನಮ್ಮ ಹಳ್ಳಿ ಕರೆಂಟಿಗೆ ಅದು ದೂರದ ಮಾತು.

ಫೋನಿನಲ್ಲಿ ಬರುವ ಅಂಕಿಗೆ ವಾಯು ಗುಣಮಟ್ಟ ಸೂಚ್ಯಂಕ ಅನ್ನುತ್ತಾರೆ. 2014ರಲ್ಲಿ ಶುರುವಾದದ್ದು. 50ರೊಳಗೆ ಉತ್ತಮ, 100ರವರೆಗೆ ಪರವಾಗಿಲ್ಲ, 200ರವರೆಗೆ ಮಧ್ಯಮ, ಅದರ ಮೇಲೆ 300, 400, 500ರವರೆಗೆ ಕೆಟ್ಟದ್ದು, ಬಹಳ ಕೆಟ್ಟದ್ದು, ತೀವ್ರ. ಅಳೆದವುಗಳಲ್ಲಿ ಯಾವುದು ಅತಿ ಕೆಟ್ಟದ್ದೋ ಅದರ ಅಂಕಿಯೇ ಸೂಚ್ಯಂಕ. 2019ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ನಗರಗಳಿವೆ. ಹಳ್ಳಿಗಳಿಲ್ಲ.

ನಮ್ಮ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಬೆಂಗಳೂರಿನ ಐಐಎಸ್ಸಿಯವರ ಕ್ಯಾಂಪಸ್ ಇದೆ. ಅಲ್ಲಿ ಹವಾಮಾನ ಅಧ್ಯಯನಕ್ಕೆ ಒಂದು ವೀಕ್ಷಣಾಲಯವೂ ಇದೆ. ಗಾಳಿಯಲ್ಲಿ ತೇಲುವ ದೂಳು, ಮಸಿ ಎಷ್ಟು, ಅದರಿಂದ ಬಿಸಿಲು, ಮೋಡಕ್ಕೆ ಏನಾಗುತ್ತದೆ ಎಂಬುದು ವಿಜ್ಞಾನಿಗಳ ಕೆಲಸ. ದೊಡ್ಡ ಕೆಲಸವೇ. ಆದರೆ ಕುದಾಪುರದ ಅಳತೆ ಕುದಾಪುರದ ಗಾಳಿಯದು, ದಾವಣಗೆರೆಯದು ದಾವಣಗೆರೆಯದು. ಪಕ್ಕದ ಹೊಲಕ್ಕೆ ಬಿದ್ದ ಮಳೆ ನಮ್ಮ ಹೊಲ ನೆನೆಸುವುದಿಲ್ಲ. ನಮ್ಮೂರ ದೂಳು ನಮ್ಮೂರಲ್ಲೇ ಅಳೆಯಬೇಕು.

ಟೈಲ್ಸ್ ತುಂಡು ಇಟ್ಟು ನೋಡಿದೆವು

2023ರಲ್ಲಿ ಬರ ಬಂತು. ದೂಳು ಕಣ್ಣು ಬಿಡಲಿಕ್ಕಾಗದಷ್ಟು. ಆಗ ಆ ಲ್ಯಾಬಿನ ಹುಡುಗ ಹೇಳಿದ ಮಾತು ನೆನಪಾಯಿತು: "ಎಲ್ಲಿ ಇಡ್ಬೇಕು, ಯಾವಾಗ ಇಡ್ಬೇಕು ಅಂತ ನೀವು ಹೇಳಿದ್ರೆ ತಾನೇ ಯಜಮಾನ್ರೇ?"

ಮನೆ ಕಟ್ಟುವವರ ಹತ್ತಿರ ಒಡೆದ ಬಿಳಿ ಟೈಲ್ಸ್ ತಂದು ಒಂದೇ ಅಳತೆಯ ನಾಕು ತುಂಡು ಮಾಡಿದೆವು. ತೆಳ್ಳಗೆ ಹರಳೆಣ್ಣೆ ಸವರಿ ಊರಿನ ನಾಕು ದಿಕ್ಕಿಗೆ ಆಳೆತ್ತರದ ಗೂಟದ ಮೇಲೆ ಇಟ್ಟೆವು. ವಾರಕ್ಕೊಮ್ಮೆ ತೆಗೆದು ಪಕ್ಕಪಕ್ಕ ಇಟ್ಟು ಫೋನಿನಲ್ಲಿ ಫೋಟೋ, ಆಮೇಲೆ ಒರೆಸಿ ಮತ್ತೆ ಎಣ್ಣೆ. ಶಾಲೆ ಮೇಲೆ ಒಂದು ಬಟ್ಟೆ ಪಟ್ಟಿ ಕಟ್ಟಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗಾಳಿ ಯಾವ ಕಡೆಗೆ, ಕ್ರಷರ್ ಓಡುತ್ತಿದೆಯೋ ಇಲ್ಲವೋ ಎಂದು ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ನೋಟ್‌ಬುಕ್ಕಿನಲ್ಲಿ ಬರೆದಳು.

ದೀಪಾವಳಿ ಕಳೆದು ಮೂಡಗಾಳಿ ನಿಂತ ಮೇಲೆ ಊರಿನ ಮೂಡಲ ತುಂಡು ವಾರಕ್ಕೆ ಬೂದಿ ಬಣ್ಣವಾಗುತ್ತಿತ್ತು. ಪಡುವಲದ್ದು ಬರೀ ಮಾಸಲು. ಕ್ರಷರ್ ನಾಕು ದಿನ ಕೆಟ್ಟು ನಿಂತ ವಾರ ನಾಕೂ ತುಂಡು ಹೆಚ್ಚುಕಮ್ಮಿ ಒಂದೇ ಥರ. ಇದು ಕಾನೂನಿಗೆ ಒಪ್ಪುವ ಅಳತೆಯಲ್ಲ, ನಮಗೂ ಗೊತ್ತು. ನಮ್ಮ ಗಾಡಿ, ಟಿಪ್ಪರ್, ಒಕ್ಕಣೆ ದೂಳೂ ಅದರಲ್ಲಿ ಸೇರಿತ್ತು. ಆದರೆ ಎಲ್ಲಿ, ಯಾವಾಗ ಅಳೆಯಬೇಕು ಎಂಬುದಕ್ಕೆ ಕೈಮರವಾಯಿತು.

ಫೋಟೋ, ನೋಟ್‌ಬುಕ್ಕಿನ ಜೆರಾಕ್ಸ್ ಇಟ್ಟು ಹೊಸ ಅರ್ಜಿ ಕೊಟ್ಟೆವು. ಈ ಸಲ "ದೂಳು ಜಾಸ್ತಿ" ಅಂತಷ್ಟೇ ಬರೆಯಲಿಲ್ಲ. "ಪುಷ್ಯದಲ್ಲಿ, ಮಳೆ ಇಲ್ಲದ ದಿನ, ಕ್ರಷರ್ ಓಡುವಾಗ, ಗಾಳಿ ಬರುವ ಕಡೆ ಒಂದು, ಹೋಗುವ ಕಡೆ ಒಂದು, ಎರಡು ಪೆಟ್ಟಿಗೆ ಇಡಿ" ಅಂತ ಬರೆದೆವು. 2024ರ ಜನವರಿಯಲ್ಲಿ ಬಂದು ಹಾಗೇ ಇಟ್ಟರು. ಎರಡರ ನಡುವಿನ ವ್ಯತ್ಯಾಸವೇ ಕ್ರಷರಿನ ಪಾಲು. ಊರ ಕಡೆಯ ಪೆಟ್ಟಿಗೆ ಮಿತಿ ದಾಟಿತ್ತು.

ಆಮೇಲೆ ಕ್ರಷರಿನವರು ಮಿಷನ್ನಿಗೆ ತಗಡಿನ ಮುಚ್ಚಿಗೆ ಹಾಕಿಸಿದರು, ನೀರಿನ ಪೈಪು ಎಳೆದರು. ದೂಳು ಪೂರ್ತಿ ನಿಂತಿದೆ ಅಂತ ಹೇಳಲಾರೆ. ನೀರು ಬಿಡದ ದಿನ ಮತ್ತೆ ಅದೇ ಕಥೆ. ಆದರೆ ಹೋದ ಸಲ ತೊಗರಿ ಹೂವಿನ ಬಣ್ಣ ಕಂಡಿತು. ಹುಡುಗಿ ಈಗಲೂ ಗಾಳಿ ದಿಕ್ಕು ಬರೆಯುತ್ತಾಳೆ. ಅದಕ್ಕೇ ಅವರೂ ಪೈಪು ತಿರುಗಿಸುವುದು ಮರೆಯುವುದಿಲ್ಲ ಅಂತ ನನ್ನ ಅನಿಸಿಕೆ.

ನಿಮ್ಮೂರಿಗೆ ಪೆಟ್ಟಿಗೆ ಬಂದರೆ ಕೇಳಿ

1. ಗಾಳಿ ಇವತ್ತು ಯಾವ ಕಡೆಯಿಂದ? ದೂಳಿನ ಮೂಲದಿಂದ ಗಾಳಿ ಬೀಸುವ ಕಡೆ ಪೆಟ್ಟಿಗೆ ಇದೆಯೇ?

2. ಹಿಂದಿನ ದಿನಗಳಲ್ಲಿ ಮಳೆ ಬಿದ್ದಿದೆಯೇ? ಹಸಿ ನೆಲದ ಅಳತೆ ಒಣ ದಿನಕ್ಕೆ ಹೊಂದುವುದಿಲ್ಲ.

3. ದೂಳು ಎಬ್ಬಿಸುವ ಕೆಲಸ ಇವತ್ತು ಪೂರ್ತಿ ನಡೆಯುತ್ತಿದೆಯೇ?

4. ಗಾಳಿ ಎಳೆಯುವ ಬಾಯಿ ನೆಲದಿಂದ 3ರಿಂದ 10 ಮೀಟರ್ ಎತ್ತರದಲ್ಲಿದೆಯೇ? ಮರದಿಂದ 20 ಮೀಟರ್ ದೂರ ಇದೆಯೇ? ಗೋಡೆ ಮರೆ ಇಲ್ಲವೇ?

5. ಎಷ್ಟು ಗಂಟೆ ಓಡಿಸುತ್ತೀರಿ? ನಡುವೆ ಕರೆಂಟು ಹೋದರೆ ಆ ಹೊತ್ತು ಲೆಕ್ಕದಿಂದ ಕಳೆಯುತ್ತೀರಾ? ಓಡದ ಹೊತ್ತನ್ನೂ ಗಾಳಿ ಎಳೆದ ಹಾಗೆ ಲೆಕ್ಕ ಹಿಡಿದರೆ ದೂಳು ಕಮ್ಮಿ ಕಾಣುತ್ತದೆ.

6. ವರದಿಯಲ್ಲಿ ಪಿಎಂ 10 ಮಾತ್ರವೇ, ಬಟ್ಟಲಿನ ದೂಳೂ ಇದೆಯೇ?

7. ಕಾಗದದ ಮೊದಲ ತೂಕ, ಕೊನೆ ತೂಕ, ಎಳೆದ ಗಾಳಿ ಎಷ್ಟು? ವರದಿಯ ಪ್ರತಿ ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಹತ್ತು ರೂಪಾಯಿ ಕಟ್ಟಿ ಸರ್ಕಾರಿ ಕಚೇರಿಗೆ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಕೊಡಬೇಕು.

ಪೆಟ್ಟಿಗೆ ಇಟ್ಟವರ ಜೊತೆ ಜಗಳ ಬೇಡ. ಅವರು ಕೂಲಿಗೆ ಬಂದ ನಮ್ಮಂಥವರ ಮಕ್ಕಳೇ. ಒಂದು ಲೋಟ ಮಜ್ಜಿಗೆ ಕೊಟ್ಟು ಪಕ್ಕದಲ್ಲಿ ನಿಂತು ನೋಡಿ, ಬರೆದುಕೊಳ್ಳಿ. ಆ ಪೆಟ್ಟಿಗೆಗೆ ಮೂಡಗಾಳಿ ಯಾವುದು, ಪಡುವಣ ಗಾಳಿ ಯಾವುದು ಗೊತ್ತಿಲ್ಲ. ಕಣದಲ್ಲಿ ತೂರಿ ಬೆಳೆದ ನಮಗೆ ಗೊತ್ತು.

ಕ್ರಷರ್, ಇಟ್ಟಿಗೆ ಭಟ್ಟಿ, ಗಣಿ ಲಾರಿಯ ದೂಳಿನ ಪಕ್ಕದಲ್ಲಿ ಬೇಸಾಯ ಮಾಡುವವರು ಇನ್ನೂ ಬಹಳ ಮಂದಿ ಇರಬೇಕು. ನೀವು ಏನು ಮಾಡಿದಿರಿ, ಬೆಳೆ ಹೇಗೆ ಉಳಿಸಿಕೊಂಡಿರಿ ಎಂಬುದನ್ನು ಇದೇ ಪತ್ರಿಕೆಗೆ ಬರೆಯಿರಿ. ನಮಗೂ ಕಲಿಯುವುದು ಇನ್ನೂ ಇದೆ.